ಕೆಂಪು ವೈನ್ ಮಾಗುವ ಬಗೆ: ಬಯಲುಸೀಮೆಯ ಸಂಗ್ರಾಹಕರು ತಿಳಿದಿರಬೇಕಾದ ಸಂಗತಿಗಳು

ದಾವಣಗೆರೆಯ ಅನೇಕ ಮನೆಗಳ ಪಡಸಾಲೆಯಲ್ಲಿ, ಅದರಲ್ಲೂ ವೈದ್ಯರು, ಅಡಿಕೆ ವರ್ತಕರು ಮತ್ತು ವಿದೇಶದಲ್ಲಿ ಮಕ್ಕಳಿರುವವರ ಮನೆಗಳಲ್ಲಿ, ಗಾಜಿನ ಕಪಾಟಿನೊಳಗೆ ಒಂದೆರಡು ದುಬಾರಿ ಕೆಂಪು ವೈನ್ ಬಾಟಲಿಗಳು ಈಚೆಗೆ ಕಾಣಿಸತೊಡಗಿವೆ. ಮಗ ಊರಿಗೆ ಬರುವಾಗ ತಂದದ್ದು, ಹೊಸ ಕಟ್ಟಡದ ಪ್ರವೇಶಕ್ಕೆ ಯಾರೋ ಉಡುಗೊರೆ ಕೊಟ್ಟದ್ದು, ಬೆಂಗಳೂರಿನ ಅಂಗಡಿಯಿಂದ ಆಸೆಪಟ್ಟು ಕೊಂಡದ್ದು. ಅವುಗಳನ್ನು ತೆರೆಯದೆ ಇಟ್ಟುಕೊಂಡಿರುವುದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ವೈನ್ ಹಳೆಯದಾದಷ್ಟೂ ರುಚಿಯಾಗುತ್ತದೆ, ಬೆಲೆಯೂ ಏರುತ್ತದೆ. ಈ ನಂಬಿಕೆ ಸುಳ್ಳಲ್ಲ. ಆದರೆ ಅದು ಜಗತ್ತಿನ ವೈನ್‌ಗಳಲ್ಲಿ ಬಹಳ ಸಣ್ಣ ಪಾಲಿಗೆ ಮಾತ್ರ ಅನ್ವಯಿಸುತ್ತದೆ, ಆ ಸಣ್ಣ ಪಾಲಿಗೂ ಕೆಲವು ಕಟ್ಟುನಿಟ್ಟಿನ ಷರತ್ತುಗಳಿವೆ, ಮತ್ತು ಆ ಷರತ್ತುಗಳಲ್ಲಿ ಮುಖ್ಯವಾದದ್ದನ್ನು ನಮ್ಮ ಹವಾಮಾನ ತಾನಾಗಿ ಎಂದೂ ಪೂರೈಸುವುದಿಲ್ಲ. ಇವುಗಳನ್ನು ತಿಳಿಯದೆ ಕಾಯ್ದಿಟ್ಟ ಬಾಟಲಿ ಬೆಳೆಯುವುದಿಲ್ಲ, ಸದ್ದಿಲ್ಲದೆ ಕೆಡುತ್ತದೆ.

ಮೊದಲು ತಿಳಿಯಬೇಕಾದದ್ದು, ಬಹುಪಾಲು ವೈನ್‌ಗಳನ್ನು ಮಾಡುವುದೇ ಒಂದೆರಡು ವರ್ಷಗಳಲ್ಲಿ ಕುಡಿದು ಮುಗಿಸಲೆಂದು. ಅವುಗಳಲ್ಲಿರುವ ತಾಜಾ ಹಣ್ಣಿನ ಪರಿಮಳವೇ ಅವುಗಳ ಸೊಗಸು. ಕಾಲ ಕಳೆದಂತೆ ಅದು ಹೋಗುತ್ತದೆ, ಅದರ ಜಾಗಕ್ಕೆ ಬರಲು ಬೇರೇನೂ ಅವುಗಳಲ್ಲಿರುವುದಿಲ್ಲ. ದಶಕಗಟ್ಟಲೆ ಮಾಗಬಲ್ಲ ವೈನ್‌ನಲ್ಲಿ ಮೂರು ಅಂಶಗಳು ಹೇರಳವಾಗಿಯೂ ಪರಸ್ಪರ ಹೊಂದಿಕೊಂಡೂ ಇರಬೇಕು: ಒಗರು, ಹುಳಿ, ಮತ್ತು ಹಣ್ಣಿನಿಂದ ಬಂದ ಸಾರ. ಇವುಗಳಲ್ಲಿ ಒಗರಿನ ವಿಷಯ ನಮ್ಮ ಭಾಗದ ಜನರಿಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗಬೇಕು. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆ ಹಸಿ ಅಡಿಕೆಯನ್ನು ಸುಲಿದು ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಗಟ್ಟಿಯಾದ ಕೆಂಪು ಚೊಗರಿನಲ್ಲಿ ತುಂಬಿರುವುದು ಟ್ಯಾನಿನ್ ಎಂಬ ರಾಸಾಯನಿಕ ಗುಂಪು. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ತೊಟ್ಟಿನಲ್ಲಿರುವುದು ಅದೇ ಕುಟುಂಬಕ್ಕೆ ಸೇರಿದ ವಸ್ತು. ಟ್ಯಾನಿನ್ ಬಾಯಿಗೆ ಬಂದೊಡನೆ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಕೂಡಿಕೊಳ್ಳುತ್ತದೆ. ಜೊಲ್ಲಿನ ಜಾರುಗುಣ ಕಳೆದು ನಾಲಿಗೆ, ವಸಡುಗಳು ಒಣಗಿ ಹಿಡಿದಂತಾಗುತ್ತವೆ. ಎಳೆಯ ಅಡಿಕೆ ಜಗಿದವರಿಗೆ ಈ ಅನುಭವವನ್ನು ವಿವರಿಸಬೇಕಾಗಿಲ್ಲ.

ಸಂತೆಯಲ್ಲಿ ಸಿಗುವ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಗೆ ಬೀಜವಿಲ್ಲ, ಸಿಪ್ಪೆಯೂ ತೆಳು. ಅದರಲ್ಲಿ ಮಾಗುವ ವೈನ್‌ಗೆ ಬೇಕಾದ ಸಾಮಗ್ರಿಯೇ ಇಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದ ಕ್ಯಾಬರ್ನೆ ಸೋವಿನ್ಯೋಂ ತಳಿಯ ಹಣ್ಣು ಗಾತ್ರದಲ್ಲಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು. ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚಿರುವುದರಿಂದ, ಹುದುಗುವಾಗ ಸಿಪ್ಪೆ, ಬೀಜಗಳ ಜೊತೆಗೇ ಕೆಲವು ವಾರ ನೆನೆಯುವ ರಸಕ್ಕೆ ಬಣ್ಣವೂ ಒಗರೂ ಧಾರಾಳವಾಗಿ ಇಳಿಯುತ್ತವೆ. ಇಟಲಿಯ ಪಿಯೆಮೊಂಟೆ ಪ್ರಾಂತದ ನೆಬ್ಬಿಯೋಲೊ ತಳಿಯ ಸಂಗತಿ ಬೇರೆ: ಅದರ ಬಣ್ಣ ತಿಳಿಯಾಗಿದ್ದರೂ ಒಗರು ಮತ್ತು ಹುಳಿ ಎರಡೂ ತೀಕ್ಷ್ಣ. ಅದರಿಂದ ಮಾಡುವ ಬರೋಲೊ ವೈನನ್ನು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಇಟ್ಟ ಮೇಲೆಯೇ ಮಾರಾಟಕ್ಕೆ ಬಿಡಬೇಕೆಂಬ ನಿಯಮವಿದೆ.

ಬಾಟಲಿಯೊಳಗೆ ನಡೆಯುವುದೇನು ಎಂಬುದು ಈ ಇಡೀ ವಿಷಯದ ತಿರುಳು. ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗಬೇಕು. ಹೊಸ ಕೆಂಪು ವೈನ್‌ನಲ್ಲಿ ಆಂಥೊಸಯಾನಿನ್ ಎಂಬ ಬಣ್ಣದ ಅಣುಗಳೂ ಟ್ಯಾನಿನ್ ಅಣುಗಳೂ ಬಹುಮಟ್ಟಿಗೆ ಬಿಡಿಬಿಡಿಯಾಗಿರುತ್ತವೆ. ಪೀಪಾಯಿಯ ಹಲಗೆಗಳ ಮೂಲಕವೂ ಆನಂತರ ಬಿರಡೆಯ ಮೂಲಕವೂ ಅತ್ಯಲ್ಪ ಪ್ರಮಾಣದಲ್ಲಿ ಸೇರುವ ಆಮ್ಲಜನಕದ ನೆರವಿನಿಂದ ಇವು ಒಂದಕ್ಕೊಂದು ಬೆಸೆದುಕೊಳ್ಳುತ್ತ ಹೋಗುತ್ತವೆ. ಬಿಡಿಯಾಗಿದ್ದಾಗ ಬೇಗ ನಾಶವಾಗುತ್ತಿದ್ದ ಬಣ್ಣ ಹೀಗೆ ಬೆಸೆದ ಮೇಲೆ ಸ್ಥಿರವಾಗುತ್ತದೆ, ಆದರೆ ನೇರಳೆ ಛಾಯೆ ಕಳೆದು ಮೊದಲು ಮಾಣಿಕ್ಯದ ಕೆಂಪಿಗೆ, ಬಹುಕಾಲದ ಮೇಲೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಒಗರಿನ ರಚನೆಯೂ ಬದಲಾಗಿ ಅದು ಬಾಯಿಗೆ ಮೃದುವಾಗುತ್ತದೆ. ತೀರಾ ದೊಡ್ಡದಾಗಿ ಬೆಳೆದ ಅಣುಗಳು ದ್ರವದಲ್ಲಿ ಕರಗಿ ನಿಲ್ಲಲಾರದೆ ಗಸಿಯಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ಬಾಟಲಿಯ ತಳದಲ್ಲಿ ಕಪ್ಪು ಗಸಿ ಕಂಡು ವೈನ್ ಹಾಳಾಯಿತೆಂದು ಭಾವಿಸುವವರಿದ್ದಾರೆ. ಅದು ಹಾಳಾದುದರ ಗುರುತಲ್ಲ, ಮಾಗಿದ್ದರ ಗುರುತು.

ಇದೇ ಅವಧಿಯಲ್ಲಿ ಪರಿಮಳವೂ ಮಾರ್ಪಡುತ್ತದೆ. ವೈನ್‌ನ ಆಮ್ಲಗಳು ಆಲ್ಕೋಹಾಲಿನೊಡನೆ ನಿಧಾನವಾಗಿ ಕೂಡಿ ಹೊಸ ಸಂಯುಕ್ತಗಳಾಗುತ್ತವೆ. ಹಣ್ಣಿನ ಕಂಪು ಹಿಂದೆ ಸರಿದು ದೇವದಾರು, ಹೊಗೆಸೊಪ್ಪು, ಚರ್ಮ, ಅಣಬೆ, ಮಳೆಗೆ ನೆಂದ ಒಣ ಎಲೆಗಳನ್ನು ನೆನಪಿಸುವ ವಾಸನೆಗಳು ಮುಂದೆ ಬರುತ್ತವೆ. ಒಂದು ಲೋಟದೊಳಗೆ ಇಷ್ಟೆಲ್ಲ ಪದರಗಳು ಒಟ್ಟಿಗೆ ಸಿಗುವುದಕ್ಕಾಗಿಯೇ ಜನ ದಶಕಗಳ ಕಾಲ ಕಾಯುವುದು, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಕಾಯುವಿಕೆಗೆ ಅರ್ಥವಿರುವುದೂ ಇದಕ್ಕಾಗಿಯೇ ಹೊರತು ಬೆಲೆಗಾಗಿ ಅಲ್ಲ. ಆದರೆ ಈ ಬೆಳವಣಿಗೆ ಸದಾ ಮೇಲ್ಮುಖವಾಗಿ ಸಾಗುವುದಿಲ್ಲ. ಬಾಟಲಿಗೆ ತುಂಬಿದ ಕೆಲವು ವರ್ಷಗಳ ನಂತರ ಅನೇಕ ಉತ್ತಮ ವೈನ್‌ಗಳು ಪರಿಮಳವೆಲ್ಲ ಮುಚ್ಚಿಕೊಂಡಂತೆ ಮಂಕಾಗುತ್ತವೆ, ಮತ್ತೆ ತೆರೆದುಕೊಳ್ಳುತ್ತವೆ, ಉತ್ತುಂಗ ತಲುಪಿ ಅಲ್ಲಿ ಕೆಲಕಾಲ ನಿಂತು, ಆಮೇಲೆ ಇಳಿಯುತ್ತವೆ. ಇಳಿಜಾರು ದಾಟಿದ ವೈನ್‌ನಲ್ಲಿ ಉಳಿಯುವುದು ಬರಿಯ ಹುಳಿ. ಎಂತಹ ಶ್ರೇಷ್ಠ ವೈನ್‌ಗೂ ಈ ಕೊನೆ ತಪ್ಪಿದ್ದಲ್ಲ.

ಎಳೆಯದನ್ನು ಎಳೆಯದಾಗಿಯೇ ತೂಗಿ ನೋಡಿದರೆ ತೀರ್ಪು ಎಷ್ಟು ತಪ್ಪಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ ಗ್ರೇಂಜ್ ವೈನ್‌ನ ಚರಿತ್ರೆಗಿಂತ ಒಳ್ಳೆಯ ಉದಾಹರಣೆಯಿಲ್ಲ. 1950ರಲ್ಲಿ ಬೋರ್ಡೋಗೆ ಹೋಗಿ ಬಂದ, ಪೆನ್‌ಫೋಲ್ಡ್ಸ್ ಸಂಸ್ಥೆಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್, ದಕ್ಷಿಣ ಆಸ್ಟ್ರೇಲಿಯಾದ ಬಿಸಿಲಲ್ಲಿ ಬೆಳೆದ ಶಿರಾಜ್ ದ್ರಾಕ್ಷಿಯಿಂದಲೂ ದೀರ್ಘಕಾಲ ಮಾಗುವ ವೈನ್ ಸಾಧ್ಯವೆಂದು ನಂಬಿ 1951ರಲ್ಲಿ ಪ್ರಯೋಗ ಆರಂಭಿಸಿದರು. ಒಗರು ಕಟುವಾಗಿದ್ದಾಗಲೇ ಅದನ್ನು ರುಚಿ ನೋಡಿದವರು ಹೀಗಳೆದರು. 1957ರಲ್ಲಿ ಆಡಳಿತ ವರ್ಗ ತಯಾರಿಕೆಯನ್ನೇ ನಿಲ್ಲಿಸುವಂತೆ ಆದೇಶಿಸಿತು. ಶೂಬರ್ಟ್ 1957, 1958, 1959ರ ಕೊಯ್ಲುಗಳಲ್ಲಿ ಗುಟ್ಟಾಗಿ ತಯಾರಿಕೆ ಮುಂದುವರಿಸಿದರು. ಅಷ್ಟರಲ್ಲಿ ಮೊದಲ ವರ್ಷಗಳ ಬಾಟಲಿಗಳು ಮಾಗಿ ತಮ್ಮ ಗುಣವನ್ನು ತಾವೇ ತೋರಿಸತೊಡಗಿದ್ದರಿಂದ 1960ರಲ್ಲಿ ಅಧಿಕೃತ ಅನುಮತಿ ಮರಳಿತು. ಇಂದು ಅದು ಸಂಗ್ರಾಹಕರು ಅರಸುವ ವೈನ್‌ಗಳಲ್ಲಿ ಒಂದು. ಬಿಸಿಲ ನಾಡಿನಲ್ಲಿ ಶ್ರೇಷ್ಠ ವೈನ್ ಬೆಳೆಯಲಾರದು ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ಚರಿತ್ರೆಯೇ ಕಾರಣ.

ಇನ್ನು ಬೆಲೆ ಏರಲು ಕಾರಣವಾಗುವ ವಿರಳತೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಮೂರನೆಯ ನೆಪೋಲಿಯನ್ ಬೇಡಿಕೆಯ ಮೇರೆಗೆ ಬೋರ್ಡೋದ ದಲ್ಲಾಳಿಗಳು ಅಲ್ಲಿನ ಕೆಂಪು ವೈನ್‌ಗಳನ್ನು ಮಾರುಕಟ್ಟೆಯ ಬೆಲೆಯ ಆಧಾರದ ಮೇಲೆ ಐದು ದರ್ಜೆಗಳಾಗಿ ಪಟ್ಟಿ ಮಾಡಿದರು. ಮೊದಲ ದರ್ಜೆಯಲ್ಲಿ ಲಫೀತ್, ಲತೂರ್, ಮಾರ್ಗೋ, ಓ ಬ್ರಿಯೋಂ ಎಂಬ ನಾಲ್ಕು ಶಾತೋಗಳಿದ್ದವು (ಶಾತೋ ಎಂದರೆ ದ್ರಾಕ್ಷಿ ಬೆಳೆದು ವೈನ್ ಮಾಡುವ ಎಸ್ಟೇಟು). 1973ರಲ್ಲಿ ಮೂತೋಂ ರೋತ್‌ಶಿಲ್ಡ್ ಐದನೆಯದಾಗಿ ಸೇರಿತು. ಇವುಗಳ ಹೊಸ ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮುಂಗಡ ಹಣ ಕೊಟ್ಟು ಕಾಯ್ದಿರಿಸುವ ಪದ್ಧತಿ ಬೋರ್ಡೋದಲ್ಲಿ ಬೆಳೆದಿದೆ. ಲತೂರ್ ಮಾತ್ರ 2012ರಲ್ಲಿ ಆ ಪದ್ಧತಿಯಿಂದ ಹಿಂದೆ ಸರಿದು, ಕುಡಿಯಲು ಹದವಾಯಿತೆಂದು ತನಗೆ ತೋರಿದ ಮೇಲೆ ತನ್ನದೇ ನೆಲಮಾಳಿಗೆಯಿಂದ ಬಾಟಲಿಗಳನ್ನು ಹೊರಬಿಡಲು ನಿರ್ಧರಿಸಿತು. ಫ್ರಾನ್ಸಿನ ಇನ್ನೊಂದು ಪ್ರಾಂತವಾದ ಬರ್ಗಂಡಿಯಲ್ಲಿ ದರ್ಜೆ ಇರುವುದು ಒಡೆತನಕ್ಕಲ್ಲ, ಮಣ್ಣಿಗೆ. ಅಲ್ಲಿನ ರೊಮಾನೆ ಕೋಂತಿ ಎಂಬ ತೋಟದ ವಿಸ್ತೀರ್ಣ ಸುಮಾರು 1.8 ಹೆಕ್ಟೇರ್, ಅಂದರೆ ನಾಲ್ಕೂವರೆ ಎಕರೆಗೂ ಕಡಿಮೆ. ಭದ್ರಾ ನಾಲೆಯ ಬದಿಯ ಒಬ್ಬ ಸಾಧಾರಣ ರೈತನ ಗದ್ದೆಯಷ್ಟು ನೆಲದಿಂದ ಇಡೀ ಜಗತ್ತಿನ ಬೇಡಿಕೆ ಪೂರೈಸಬೇಕು. ತೋಟ ದೊಡ್ಡದಾಗುವಂತಿಲ್ಲ, ಪ್ರತಿ ಬಾಟಲಿ ಖಾಲಿಯಾದಾಗಲೂ ಆ ಇಸವಿಯ ವೈನ್ ಜಗತ್ತಿನಲ್ಲಿ ಒಂದು ಬಾಟಲಿ ಕಡಿಮೆಯಾಗುತ್ತದೆ.

ಆ ತೋಟದ 1945ನೇ ಇಸವಿಯ ಸಂಗತಿ ಹೇಳಲೇಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ನಾಶಮಾಡಿತು, ಮತ್ತು ಆ ಹೇನನ್ನು ತಡೆಯಬಲ್ಲ ಅಮೆರಿಕದ ಬೇರುಗಿಡದ ಮೇಲೆ ಯುರೋಪಿನ ತಳಿಯನ್ನು ಕಸಿಮಾಡುವುದೇ ಪರಿಹಾರವಾಯಿತು. (ನಮ್ಮ ವಿಜಯಪುರದ ರೈತರು ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕ ಮೂಲದ್ದೇ, ಆದರೆ ಇಲ್ಲಿ ಅದರ ಮುಖ್ಯ ಉಪಯೋಗ ಬರ ಮತ್ತು ಉಪ್ಪುನೀರನ್ನು ತಾಳುವುದು.) ರೊಮಾನೆ ಕೋಂತಿಯಲ್ಲಿ ಮಾತ್ರ ಕಸಿಯಿಲ್ಲದ ಹಳೆಯ ಬಳ್ಳಿಗಳನ್ನು ಎರಡನೆಯ ಮಹಾಯುದ್ಧದವರೆಗೂ ಹೇಗೋ ಉಳಿಸಿಕೊಂಡಿದ್ದರು. ಸೊರಗಿದ್ದ ಆ ಬಳ್ಳಿಗಳು 1945ರಲ್ಲಿ ಕೊಟ್ಟದ್ದು ಕೇವಲ 600 ಬಾಟಲಿಗಳಷ್ಟು ವೈನ್. ಆಮೇಲೆ ಅವುಗಳನ್ನು ಕಿತ್ತು ಹೊಸ ಬಳ್ಳಿ ನೆಟ್ಟರು. 1952ರವರೆಗೆ ಆ ಹೆಸರಿನ ವೈನ್ ಮತ್ತೆ ಬರಲಿಲ್ಲ. ಆ 600ರಲ್ಲಿ ಒಂದು ಬಾಟಲಿ 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸಾದಬೀಸ್ ಹರಾಜಿನಲ್ಲಿ 5,58,000 ಡಾಲರಿಗೆ ಮಾರಾಟವಾಯಿತು. ಸುದ್ದಿ ಓದಿದವರು ಬೆಲೆಯನ್ನಷ್ಟೇ ನೆನಪಿಟ್ಟುಕೊಂಡರು. ಗಮನಿಸಬೇಕಾದ ಅಂಶ ಬೇರೆ: ಆ ಬಾಟಲಿ ಬಂದದ್ದು ರೊಬೇರ್ ದ್ರೂಆಂ ಅವರ ಖಾಸಗಿ ನೆಲಮಾಳಿಗೆಯಿಂದ, ಮತ್ತು ದ್ರೂಆಂ ಸಂಸ್ಥೆಯೇ ದಶಕಗಳ ಕಾಲ ಆ ತೋಟದ ವೈನ್‌ಗಳ ವಿತರಕನಾಗಿತ್ತು. ತೋಟದಿಂದ ಹೊರಟ ಬಾಟಲಿ ಎಲ್ಲಿ, ಯಾರ ಕೈಯಲ್ಲಿ, ಯಾವ ಸ್ಥಿತಿಯಲ್ಲಿತ್ತು ಎಂಬ ಪ್ರಶ್ನೆಗೆ ಸಂಶಯವಿಲ್ಲದ ಉತ್ತರವಿತ್ತು. ಕೊಂಡವರು ವೈನ್‌ನಷ್ಟೇ ಆ ಉತ್ತರಕ್ಕೂ ಹಣ ಕೊಟ್ಟರು.

ಅಂತಹ ಉತ್ತರವಿಲ್ಲದೆಡೆ ಮೋಸ ನುಸುಳುತ್ತದೆ. 2008ರಲ್ಲಿ ನ್ಯೂಯಾರ್ಕಿನ ಒಂದು ಹರಾಜಿಗೆ ಪೋನ್ಸೋ ಎಂಬ ಬರ್ಗಂಡಿ ಮನೆತನದ ಹೆಸರಿನಲ್ಲಿ ಕ್ಲೋ ಸ್ಯಾಂ ದೆನಿ ತೋಟದ 1945ರಷ್ಟು ಹಳೆಯ ಬಾಟಲಿಗಳು ಬಂದವು. ಆ ಮನೆತನ ಆ ತೋಟದ ವೈನ್ ಮಾಡಲು ಆರಂಭಿಸಿದ್ದೇ 1980ರ ದಶಕದಲ್ಲಿ. ಲೊರಾಂ ಪೋನ್ಸೋ ಅವರೇ ಹೋಗಿ ಮಾರಾಟ ನಿಲ್ಲಿಸಿದರು. ಬಾಟಲಿಗಳನ್ನು ಕೊಟ್ಟಿದ್ದ ರೂಡಿ ಕುರ್ನಿಯಾವಾನ್ ಮನೆಯಲ್ಲಿ 2012ರಲ್ಲಿ ಅಮೆರಿಕದ ತನಿಖಾಧಿಕಾರಿಗಳಿಗೆ ರಾಶಿಗಟ್ಟಲೆ ನಕಲಿ ಲೇಬಲ್ಲುಗಳು ಸಿಕ್ಕವು. 2013ರಲ್ಲಿ ಆತ ತಪ್ಪಿತಸ್ಥನೆಂದು ತೀರ್ಮಾನವಾಗಿ, ಮುಂದಿನ ವರ್ಷ ಹತ್ತು ವರ್ಷಗಳ ಸೆರೆಯಾಯಿತು. ಆದ್ದರಿಂದ ಖರೀದಿಯ ರಸೀದಿ, ಆಮದುದಾರರ ಚೀಟಿ, ಮೂಲ ಮರದ ಪೆಟ್ಟಿಗೆ ಇವು ವೈನ್‌ನ ಭಾಗವೇ ಎಂದು ತಿಳಿದು ಜೋಪಾನ ಮಾಡಬೇಕು.

ಈಗ ನಮ್ಮ ಊರಿನ ಮಟ್ಟಿಗೆ ಅತಿ ಮುಖ್ಯವಾದ ವಿಷಯ, ಶಾಖ. ವೈನ್ ಇಡಲು ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್ ಸೂಕ್ತವೆಂದು ಎಲ್ಲ ಕಡೆ ಬರೆದಿರುತ್ತಾರೆ. ಆ ಅಂಕಿ ಎಲ್ಲಿಂದ ಬಂತೆಂದು ಹೇಳುವವರು ಕಡಿಮೆ. ನೆಲದಡಿ ಕೆಲವು ಮೀಟರ್ ಇಳಿದರೆ ಹಗಲು ರಾತ್ರಿಯ, ಬೇಸಿಗೆ ಚಳಿಗಾಲದ ಏರಿಳಿತ ಅಡಗಿ, ಉಷ್ಣತೆ ಆ ಊರಿನ ವಾರ್ಷಿಕ ಸರಾಸರಿಯ ಹತ್ತಿರ ನಿಂತುಬಿಡುತ್ತದೆ. ಬರ್ಗಂಡಿಯಲ್ಲಿ ಆ ಸರಾಸರಿ 11 ಡಿಗ್ರಿಯ ಆಸುಪಾಸು, ಬೋರ್ಡೋದಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. ಅಲ್ಲಿನವರು ನೆಲ ಅಗೆದರು, ತಂಪು ತಾನಾಗಿ ಸಿಕ್ಕಿತು. ದಾವಣಗೆರೆ, ಚಿತ್ರದುರ್ಗಗಳ ವಾರ್ಷಿಕ ಸರಾಸರಿ 25 ಡಿಗ್ರಿಯ ಆಸುಪಾಸಿನಲ್ಲಿದೆ. ಬಯಲುಸೀಮೆಯ ಹಗೇವುಗಳಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು, ಚಿತ್ರದುರ್ಗದ ಕೋಟೆಯಲ್ಲಿ ಬಂಡೆ ಕೊರೆದು ಎಣ್ಣೆ ಕೊಳಗಳನ್ನೇ ಮಾಡಿದ್ದರು ಎಂಬ ಧೈರ್ಯದಿಂದ ಮನೆಯಡಿ ನೆಲಮಾಳಿಗೆ ತೋಡಿಸುವ ಯೋಚನೆ ಕೆಲವರಿಗೆ ಬರುತ್ತದೆ. ಕಾಳಿಗೆ ಬೇಕಾದದ್ದು ಒಣ, ಗಾಳಿಯಾಡದ ಜಾಗ. ಅದನ್ನು ಹಗೇವು ಕೊಡುತ್ತಿತ್ತು. ವೈನ್‌ಗೆ ಬೇಕಾದದ್ದು ತಂಪು, ಮತ್ತು ಅದನ್ನು ನಮ್ಮ ನೆಲ ಎಷ್ಟು ಆಳಕ್ಕೆ ಅಗೆದರೂ ಕೊಡಲಾರದು.

ಉಷ್ಣತೆ 10 ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಹಾಗಾದರೆ ಇಪ್ಪತ್ತು ವರ್ಷದ ಕೆಲಸ ಇಲ್ಲಿ ಹತ್ತೇ ವರ್ಷಕ್ಕೆ ಮುಗಿಯಬಾರದೇಕೆ ಎಂದು ಕೇಳಬಹುದು. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಶಾಖದಲ್ಲಿ ಹಣ್ಣಿನ ಕಂಪು ನಾಶವಾಗುವ, ಬಣ್ಣ ಕಂದುವ ಕ್ರಿಯೆಗಳು ಮುನ್ನುಗ್ಗುತ್ತವೆ. ಒಗರು ಮೃದುವಾಗುವ ಕೆಲಸ ಅವುಗಳ ಜೊತೆ ಹೆಜ್ಜೆ ಹಾಕುವುದಿಲ್ಲ. ಸಿಗುವುದು ಬೇಗ ಮಾಗಿದ ವೈನ್ ಅಲ್ಲ, ಬೇಯಿಸಿದ ಹಣ್ಣಿನ ವಾಸನೆಯ ಬೇರೆಯೇ ವೈನ್. ಏರಿಳಿತ ಇನ್ನೂ ಕೆಟ್ಟದ್ದು. ಮಧ್ಯಾಹ್ನದ ಬಿಸಿಗೆ ಹಿಗ್ಗಿದ ದ್ರವ ಬಿರಡೆಯನ್ನು ಹೊರಕ್ಕೆ ಒತ್ತುತ್ತದೆ, ರಾತ್ರಿಯ ತಂಪಿಗೆ ಕುಗ್ಗಿದಾಗ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಏಪ್ರಿಲ್‌ನಲ್ಲಿ 38 ಡಿಗ್ರಿ ಮುಟ್ಟುವ ಊರಿನಲ್ಲಿ, ದೀಪ ಉರಿಯುವ ಗಾಜಿನ ಕಪಾಟಿನಲ್ಲಿ, ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ಒಂದೇ ಬೇಸಿಗೆ ಸಾಕು. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಫೀತ್ ಎಂದು ಹೇಳಿದ ಬಾಟಲಿಯೊಂದು 1,05,000 ಪೌಂಡಿಗೆ ಮಾರಾಟವಾಗಿ ಫೋರ್ಬ್ಸ್ ಕುಟುಂಬದ ಕೈಸೇರಿತು. ಅದರ ಸಾಚಾತನದ ವಿವಾದ ಹಾಗಿರಲಿ, ನ್ಯೂಯಾರ್ಕಿನಲ್ಲಿ ಪ್ರದರ್ಶನದ ದೀಪದ ಕೆಳಗೆ ನಿಲ್ಲಿಸಿದ್ದರಿಂದ ಅದರ ಬಿರಡೆ ಒಣಗಿ ಕುಗ್ಗಿ ಒಳಗೇ ಜಾರಿಹೋಯಿತು. ಅಲ್ಲಿ ಆದದ್ದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಆಗದಿರಲು ಕಾರಣವಿಲ್ಲ.

ಹೀಗಾಗಿ ನಮ್ಮಲ್ಲಿ ಸಂಗ್ರಹಕ್ಕೆ ಕೈಹಾಕುವವರು ಮೊದಲು ಕೊಳ್ಳಬೇಕಾದದ್ದು ಬಾಟಲಿಯನ್ನಲ್ಲ, ವೈನ್‌ಗೆಂದೇ ಮಾಡಿದ ತಂಪು ಕಪಾಟನ್ನು. ಅಡುಗೆಮನೆಯ ಫ್ರಿಜ್ 4 ಡಿಗ್ರಿಯಷ್ಟು ತಣ್ಣಗಿರುತ್ತದೆ, ಒಳಗಿನ ಗಾಳಿ ಬಹಳ ಒಣ. ಕೆಲವು ತಿಂಗಳಿಗೆ ಅಡ್ಡಿಯಿಲ್ಲ, ಪಡಸಾಲೆಗಿಂತ ಎಷ್ಟೋ ಮೇಲು, ಆದರೆ ವರ್ಷಗಟ್ಟಲೆ ಇಟ್ಟರೆ ಬಿರಡೆ ಒಣಗುತ್ತದೆ. ತಂಪು ಕಪಾಟಿನಲ್ಲಿ ಬಾಟಲಿಯನ್ನು ಮಲಗಿಸಿ ಇಡಬೇಕು, ಬಿರಡೆ ಸದಾ ತೇವವಾಗಿರಲೆಂದು. ಒಳಗಿನ ತೇವಾಂಶ ಶೇಕಡ 60ರಿಂದ 75ರಷ್ಟಿದ್ದರೆ ಚೆನ್ನ. ಬೆಳಕು ಬೀಳಬಾರದು. ವಿದ್ಯುತ್ ಒಂದೆರಡು ಗಂಟೆ ಹೋದರೆ ಹಾನಿಯಿಲ್ಲ, ತುಂಬಿದ ಕಪಾಟು ತನ್ನ ತಂಪನ್ನು ಸಾಕಷ್ಟು ಹೊತ್ತು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸವಿದ್ದವರು ಮಾತ್ರ ಅದನ್ನು ಬಿಡಬೇಕು. ಆಯ್ಕೆಯಿದ್ದರೆ ಒಂದೂವರೆ ಲೀಟರಿನ ದೊಡ್ಡ ಬಾಟಲಿ ಕೊಳ್ಳುವುದು ಲೇಸು, ಏಕೆಂದರೆ ಬಿರಡೆಯ ಕೆಳಗಿನ ಗಾಳಿ ಹೆಚ್ಚುಕಡಿಮೆ ಅಷ್ಟೇ ಇದ್ದು ವೈನ್ ಇಮ್ಮಡಿ ಇರುವುದರಿಂದ ಮಾಗುವಿಕೆ ನಿಧಾನವಾಗಿಯೂ ಸಮನಾಗಿಯೂ ನಡೆಯುತ್ತದೆ.

ನಮ್ಮ ರಾಜ್ಯದ ವೈನ್‌ಗಳನ್ನು ಹೀಗೆ ಕೂಡಿಡಬಹುದೆ? ನಂದಿ ಬೆಟ್ಟದ ಸೀಮೆಯ ಗ್ರೋವರ್ ಜಾಂಪಾ ಸಂಸ್ಥೆ ಬೋರ್ಡೋದ ತಜ್ಞ ಮಿಶೆಲ್ ರೋಲಾಂ ಅವರ ಸಲಹೆಯಲ್ಲಿ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ ಲಾ ರಿಸರ್ವ್ ಎಂಬ ಕೆಂಪು ವೈನನ್ನು ಬೆಳೆಸಿತು. ನಮಗೆ ಇನ್ನೂ ಹತ್ತಿರದ ಹಂಪಿ ಸೀಮೆಯಲ್ಲಿ ಕ್ರಿಸ್ಮಾ ತೋಟ ಕ್ಯಾಬರ್ನೆಯಲ್ಲಿ ಗಂಭೀರವಾದ ಕೆಲಸ ಮಾಡಿದೆ. ನಮ್ಮಲ್ಲಿ ಹಿಮವಿಲ್ಲದ್ದರಿಂದ ಬಳ್ಳಿ ನಿದ್ರೆಗೆ ಜಾರುವುದಿಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಸವರಿ, ಚಳಿಗಾಲದಲ್ಲಿ ಕಾಯಿ ಬೆಳೆಸಿ, ಬೇಸಿಗೆ ಏರುವ ಮೊದಲು ಕೊಯ್ಯುತ್ತಾರೆ. ಇವುಗಳ ಉತ್ತಮ ಬಾಟಲಿಗಳು ತಂಪು ಕಪಾಟಿನಲ್ಲಿ ಐದಾರು ವರ್ಷ ಚೆನ್ನಾಗಿ ಮಾಗುತ್ತವೆಂಬುದು ನನ್ನ ಅಂದಾಜು. ಮಾಗುವಿಕೆಯ ಪಾಠ ಕಲಿಯಲು ಇವೇ ತಕ್ಕವು: ಒಂದೇ ಇಸವಿಯ ಆರು ಬಾಟಲಿ ಕೊಂಡು ವರ್ಷಕ್ಕೊಂದರಂತೆ ತೆರೆದು ನೋಡಿದವರಿಗೆ ಬಣ್ಣ, ಒಗರು, ಕಂಪುಗಳ ಬದಲಾವಣೆ ಕಣ್ಣೆದುರೇ ತಿಳಿಯುತ್ತದೆ. ವಿದೇಶದ ಬಾಟಲಿಗಳ ಮೇಲೆ ಆಮದು ಸುಂಕ ಬಹುಕಾಲ ಶೇಕಡ 150ರಷ್ಟಿತ್ತು. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ ಆಸ್ಟ್ರೇಲಿಯಾದ ವೈನ್‌ಗಳಲ್ಲಿ ಗೊತ್ತುಪಡಿಸಿದ ಬೆಲೆಗಿಂತ ಮೇಲಿನವುಗಳಿಗೆ ಅದನ್ನು ಹಂತಹಂತವಾಗಿ ಇಳಿಸುತ್ತಿದೆ.

ಬೆಲೆ ಏರುತ್ತದೆಂದು ಕೂಡಿಡುವವರು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ಮಾರುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ, ಅದು ಎಷ್ಟೇ ಅಮೂಲ್ಯವಾದ ವೈನ್ ಆಗಿದ್ದರೂ. ಲಂಡನ್ನಿನ ಸಂಗ್ರಾಹಕನಂತೆ ಹತ್ತು ವರ್ಷ ಇಟ್ಟು ಹರಾಜಿಗೆ ಕಳಿಸುವ ದಾರಿ ಇಲ್ಲಿನ ಮನೆಯವರಿಗಿಲ್ಲ. ಒಬ್ಬರು ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿಯಿದೆ. ದೊಡ್ಡ ಸಂಗ್ರಹಕ್ಕೆ ಮುನ್ನ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಈಗಿನ ನಿಯಮ ಕೇಳಿ, ಬಿಲ್ಲುಗಳನ್ನು ಕಡತದಲ್ಲಿಡುವುದು ಅಗತ್ಯ. ಆದ್ದರಿಂದ ನಮ್ಮಲ್ಲಿ ವೈನ್ ಸಂಗ್ರಹಕ್ಕೆ ಇರುವ ನ್ಯಾಯವಾದ ಕಾರಣ ಕುಡಿಯುವುದು ಮತ್ತು ಆಪ್ತರಿಗೆ ಕುಡಿಸುವುದು.

ತೆರೆಯುವ ದಿನ ಬಂದಾಗ, ಎರಡು ದಿನ ಮೊದಲೇ ಬಾಟಲಿಯನ್ನು ತಂಪು ಕಪಾಟಿನಲ್ಲೇ ನೆಟ್ಟಗೆ ನಿಲ್ಲಿಸಿ ಗಸಿ ತಳಕ್ಕಿಳಿಯಲು ಬಿಡಬೇಕು. ಹಳೆಯ ಬಿರಡೆ ಪುಡಿಯಾಗಿ ಮುರಿಯುವುದುಂಟು, ಅವಸರ ಮಾಡಬಾರದು. ಬಾಟಲಿಯ ಕತ್ತಿನ ಹಿಂದೆ ದೀಪವಿಟ್ಟು, ಅಲುಗಾಡಿಸದೆ ಬೇರೊಂದು ಗಾಜಿನ ಹೂಜಿಗೆ ಬಗ್ಗಿಸಿ, ಗಸಿಯ ಎಳೆ ಕತ್ತಿನವರೆಗೆ ಬಂದೊಡನೆ ನಿಲ್ಲಿಸಬೇಕು. ಎಳೆಯ, ಒಗರು ಹೆಚ್ಚಿರುವ ವೈನ್ ಹೂಜಿಯಲ್ಲಿ ಒಂದೆರಡು ಗಂಟೆ ಗಾಳಿಯಾಡಿದರೆ ಹಿತವಾಗುತ್ತದೆ. ಮೂವತ್ತು ನಲವತ್ತು ವರ್ಷ ಮಾಗಿದ್ದಕ್ಕೆ ಅಷ್ಟು ಹೊತ್ತು ಕೊಟ್ಟರೆ ಇರುವ ಕಂಪೂ ಹಾರಿಹೋಗಬಹುದು, ಅದನ್ನು ಬಗ್ಗಿಸಿದ ಕೂಡಲೇ ಬಡಿಸಬೇಕು. ‘ಕೋಣೆಯ ಉಷ್ಣತೆಯಲ್ಲಿ ಬಡಿಸಿ’ ಎಂಬ ಸಲಹೆಯನ್ನು ದಾವಣಗೆರೆಯ ಕೋಣೆಗೆ ಅನ್ವಯಿಸಬಾರದು. 16ರಿಂದ 18 ಡಿಗ್ರಿ ಸರಿಯಾದ ಹದ, ಅಂದರೆ ತಂಪು ಕಪಾಟಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ನಮ್ಮಲ್ಲಿ ಸಾಕಾಗುತ್ತದೆ.